ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಕಂಡರೆ: ಕಟಾವು ನಿಲ್ಲಿಸುವುದರಿಂದ ತಾಯಿ ಮರಿಯನ್ನು ಒಯ್ಯುವವರೆಗೆ

ಮಂಡ್ಯ, ಮೈಸೂರು ಸೀಮೆಗಳಲ್ಲಿ ಕಬ್ಬಿನ ಕಟಾವು ಚುರುಕುಗೊಂಡಿತೆಂದರೆ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗದ್ದೆಯ ನಡುವೆ ಎರಡೋ ಮೂರೋ ಚಿರತೆ ಮರಿಗಳು ಸಿಕ್ಕವು, ಊರವರು ಅವನ್ನು ರಕ್ಷಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದರು, ಸುತ್ತಲ ಗ್ರಾಮಗಳಲ್ಲಿ ಆತಂಕ ಮನೆಮಾಡಿದೆ ಎಂಬಷ್ಟು ವಿವರ. ಜೊತೆಗೆ ಯಾರದೋ ಅಂಗೈಯಲ್ಲಿ ಕುಳಿತ ಮರಿಯ ಚಿತ್ರ. ಈ ಸುದ್ದಿಯಲ್ಲಿ ಬಳಸುವ ‘ರಕ್ಷಣೆ’ ಎಂಬ ಮಾತಿಗೆ ನನ್ನ ತಕರಾರಿದೆ. ಆ ಮರಿಗೆ ತಾಯಿ ಇತ್ತು, ಬೇಟೆಗೆ ಹೋಗುವ ಮುನ್ನ ತಾಯಿಯೇ ಅದನ್ನು ಅಲ್ಲಿ ಅಡಗಿಸಿಟ್ಟಿತ್ತು, ಮತ್ತು ಕತ್ತಲಾದ ಮೇಲೆ ಅದನ್ನು ಹುಡುಕಿಕೊಂಡು ಬರುವುದಿತ್ತು. ಗದ್ದೆಯಿಂದ ಎತ್ತಿ ಪಟ್ಟಣಕ್ಕೆ ಸಾಗಿಸಿದ ಮರಿ ತಾಯಿಯನ್ನು ಮರಳಿ ಕಾಣದಿದ್ದರೆ ಅದರ ಮುಂದಿನ ಬದುಕೆಲ್ಲ ಬೋನಿನಲ್ಲೇ ಕಳೆಯುತ್ತದೆ.

ಹೀಗಾಗದಂತೆ ನೋಡಿಕೊಳ್ಳುವುದು ಬಹುಪಾಲು ಗದ್ದೆಯಲ್ಲಿರುವವರ ಕೈಯಲ್ಲೇ ಇದೆ. ಇಲಾಖೆಯ ಜೀಪು ಬರುವ ಮೊದಲಿನ ಒಂದೆರಡು ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಮರಿಯ ಗತಿ ನಿಂತಿರುತ್ತದೆ. ಆದ್ದರಿಂದ ಈ ಕೈಪಿಡಿಯನ್ನು ಕಬ್ಬು ಬೆಳೆಯುವವರು, ಕಟಾವು ತಂಡದ ಮೇಸ್ತ್ರಿಗಳು ಮತ್ತು ಗ್ರಾಮ ಪಂಚಾಯಿತಿಯ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕಾಡಿನ ಪ್ರಾಣಿ ಕಬ್ಬಿನಲ್ಲೇಕೆ?

ಹಳೇ ಮೈಸೂರಿನ ಹಿರಿಯರು ಕಿರುಬ ಎಂದೂ ಕರಾವಳಿಯವರು ಚಿಟ್ಟೆ ಹುಲಿ ಎಂದೂ ಕರೆಯುವ ಚಿರತೆಯು ಘಟ್ಟದ ಮಳೆಕಾಡಿನಿಂದ ಹಿಡಿದು ಬಯಲುಸೀಮೆಯ ಕುರುಚಲು ಕಾಡು ಮತ್ತು ಬಂಡೆಗುಡ್ಡಗಳವರೆಗೆ ಎಲ್ಲ ಬಗೆಯ ಕಾಡುಗಳಲ್ಲೂ ಬದುಕಬಲ್ಲ ಪ್ರಾಣಿ. 2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿದ್ದು, ಅವುಗಳಲ್ಲಿ 1,879 ಕರ್ನಾಟಕದಲ್ಲಿವೆ; ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು. ಈ ಲೆಕ್ಕ ಮುಖ್ಯವಾಗಿ ಕಾಡುಗಳಲ್ಲಿ ತೆಗೆದದ್ದಾದ್ದರಿಂದ ಗದ್ದೆ ತೋಟಗಳ ಅಂಚಿನಲ್ಲಿ ಬಾಳುವ ಚಿರತೆಗಳು ಇದರಲ್ಲಿ ಪೂರ್ತಿಯಾಗಿ ಸೇರಿಲ್ಲ. ಸಂಖ್ಯೆ ದೊಡ್ಡದಾಗಿ ಕಂಡರೂ ಜಗತ್ತಿನ ಒಟ್ಟು ನೆಲೆಯಲ್ಲಿ ಚಿರತೆಯ ವ್ಯಾಪ್ತಿ ಕುಗ್ಗುತ್ತಲೇ ಇದೆ, ಆ ಕಾರಣದಿಂದಲೇ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2016ರಲ್ಲಿ ಅದನ್ನು ಅಪಾಯಕ್ಕೆ ಗುರಿಯಾಗಬಲ್ಲ ಪ್ರಭೇದಗಳ ವರ್ಗಕ್ಕೆ ಸೇರಿಸಿತು.

ಕಬ್ಬು ಹತ್ತು ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಆಳೆತ್ತರ ಬೆಳೆದ ಮೇಲೆ ಅದರೊಳಗೆ ಮನುಷ್ಯರು ಕಾಲಿಡುವುದು ಅಪರೂಪ, ನೆಲದಲ್ಲಿ ತೇವವಿರುತ್ತದೆ, ನಡುಹಗಲಲ್ಲೂ ನೆರಳಿರುತ್ತದೆ, ಹಂದಿ, ಮೊಲ, ಇಲಿಗಳ ಜೊತೆಗೆ ಊರ ಬೀದಿನಾಯಿಗಳು ಕೂಗಳತೆಯಲ್ಲೇ ಸಿಗುತ್ತವೆ. ಮರಿ ಹಾಕಲು ಮರೆ ಹುಡುಕುವ ಹೆಣ್ಣು ಚಿರತೆಗೆ ಗುಡ್ಡದ ಬಂಡೆಯ ಬಿರುಕಿಗೂ ಈ ಗದ್ದೆಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ಮತ್ತು ಅಕೋಲೆ ತಾಲ್ಲೂಕುಗಳಲ್ಲಿ ಕಬ್ಬಿನಲ್ಲೇ ಹುಟ್ಟಿ, ಕಬ್ಬಿನಲ್ಲೇ ಬೆಳೆದು, ಅಲ್ಲಿಯೇ ಮರಿ ಹಾಕುವ ಚಿರತೆಗಳ ತಲೆಮಾರುಗಳೇ ಆಗಿಹೋಗಿವೆ. ಅಂಥ ಪ್ರಾಣಿಯ ದೃಷ್ಟಿಯಿಂದ ನೋಡಿದರೆ ಕಟಾವು ಎಂದರೆ ಒಂದೇ ದಿನದಲ್ಲಿ ಕಾಡಿಗೆ ಕಾಡೇ ಮಾಯವಾದಂತೆ.

ಕುಡುಗೋಲು ಇಳಿಸುವ ಮುನ್ನ

ಮರಿ ಕಂಡ ಮೇಲೆ ಮಾಡುವುದಕ್ಕಿಂತ ಕಟಾವಿಗೆ ಮೊದಲು ಮಾಡಬಹುದಾದುದೇ ಸುಲಭ, ಆದರೆ ಇದನ್ನು ಮಾಡುವವರು ಕಡಿಮೆ. ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ಬಂದ ದಿನವೇ ಗದ್ದೆಯ ಸುತ್ತ ಬದುವಿನ ಮೇಲೆ ಒಂದು ಸುತ್ತು ನಡೆಯಿರಿ. ನೀರು ಹಾಯಿಸಿದ ಕಾಲುವೆಯ ಹಸಿ ಮಣ್ಣಿನಲ್ಲಿ ಹೆಜ್ಜೆಗುರುತು ಸ್ಪಷ್ಟವಾಗಿ ಮೂಡಿರುತ್ತದೆ. ನಾಯಿಯ ಹೆಜ್ಜೆ ಉದ್ದನೆಯದಾಗಿದ್ದು ಅದರ ತುದಿಯಲ್ಲಿ ಉಗುರಿನ ಗೀರು ಕಾಣುತ್ತದೆ. ಚಿರತೆಯ ಹೆಜ್ಜೆ ದುಂಡಗಿದ್ದು ಉಗುರಿನ ಗುರುತೇ ಇರುವುದಿಲ್ಲ, ಏಕೆಂದರೆ ಅದು ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಊರಿನಲ್ಲಿ ನಾಯಿಗಳು ಒಂದೊಂದಾಗಿ ಕಾಣೆಯಾಗಿದ್ದರೆ, ರಾತ್ರಿ ಗದ್ದೆಯ ಒಂದೇ ಮೂಲೆಯ ಕಡೆಗೆ ಮುಖ ಮಾಡಿ ಅವು ಬೊಗಳುತ್ತಿದ್ದರೆ, ಮುಸ್ಸಂಜೆಯಲ್ಲಿ ನವಿಲುಗಳು ಬೆದರಿ ಕೂಗುತ್ತಿದ್ದರೆ ಅದನ್ನೂ ಗಮನಕ್ಕೆ ತಂದುಕೊಳ್ಳಿ. ನೀರು ಹಾಯಿಸಲು ರಾತ್ರಿ ಗದ್ದೆಗೆ ಹೋಗುವವರಿಗೆ ಈ ಸಂಗತಿಗಳು ಎಲ್ಲರಿಗಿಂತ ಮೊದಲು ತಿಳಿದಿರುತ್ತವೆ. ಅವರನ್ನು ಕೇಳುವ ಪರಿಪಾಠವಿಲ್ಲ, ಅಷ್ಟೆ.

ಎರಡನೆಯದು ಕಡಿಯುವ ದಿಕ್ಕು. ಕೆಲಸ ಬೇಗ ಮುಗಿಯಲೆಂದು ಕಟಾವು ತಂಡಗಳು ಎರಡು ಕಡೆಯಿಂದ, ಕೆಲವೊಮ್ಮೆ ನಾಲ್ಕೂ ಕಡೆಯಿಂದ ಕಡಿಯುತ್ತ ಬರುತ್ತವೆ. ಇದರಿಂದ ಒಳಗಿರುವ ಪ್ರಾಣಿ ನಡುವೆ ಉಳಿದ ಸಣ್ಣ ಪಟ್ಟಿಗೆ ಸೇರಿಕೊಂಡು, ಕೊನೆಗೆ ಹೊರಬರಲು ದಾರಿಯಿಲ್ಲದೆ ಜನರ ಮೇಲೆಯೇ ನುಗ್ಗುತ್ತದೆ. ಬದಲಿಗೆ ಊರು ಅಥವಾ ರಸ್ತೆ ಇರುವ ಬದಿಯಿಂದ ಕಡಿಯಲು ಆರಂಭಿಸಿ ಗುಡ್ಡ, ಹಳ್ಳ ಅಥವಾ ಪಕ್ಕದ ನಿಂತ ಕಬ್ಬು ಇರುವ ಬದಿಯತ್ತ ಸಾಗಬೇಕು, ಮತ್ತು ಆ ತುದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದಾಗಲಿ, ಬುತ್ತಿ ಬಿಚ್ಚಿ ಊಟಕ್ಕೆ ಕೂರುವುದಾಗಲಿ, ಮಕ್ಕಳನ್ನು ಮಲಗಿಸುವುದಾಗಲಿ ಮಾಡಬಾರದು. ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ತಗಡು ಬಡಿದೋ ಜೋರಾಗಿ ಮಾತಾಡಿಯೋ ಸದ್ದು ಮಾಡಿದರೆ ತಾಯಿಗೆ ಸರಿದುಹೋಗಲು, ನಡೆಯಬಲ್ಲ ಮರಿಗಳನ್ನು ಕರೆದೊಯ್ಯಲು ಅವಕಾಶ ಸಿಗುತ್ತದೆ. ಪಟಾಕಿ ಸಿಡಿಸುವುದು ಬೇಡ, ಅದು ಗಾಬರಿಯನ್ನು ಹೆಚ್ಚಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ.

ಬೆಂಕಿಯ ವಿಷಯವನ್ನು ಒತ್ತಿ ಹೇಳಬೇಕು. ಕಟಾವಾದ ಮೇಲೆ ಒಣ ತರಗಿಗೆ ಕಡ್ಡಿ ಗೀರುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಹುಟ್ಟಿ ನಾಲ್ಕಾರು ವಾರವಷ್ಟೇ ಆದ ಮರಿ ಬೆಂಕಿಯಿಂದ ಓಡಲಾರದು, ಕೂತಲ್ಲೇ ಅಡಗುವುದನ್ನು ಮಾತ್ರ ಅದು ಬಲ್ಲದು. 2019ರ ಏಪ್ರಿಲ್‌ನಲ್ಲಿ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನ ಒಂದು ಕಬ್ಬಿನ ಗದ್ದೆಯಲ್ಲಿ ಹಚ್ಚಿದ ಬೆಂಕಿಗೆ ಐದು ಚಿರತೆ ಮರಿಗಳು ಸುಟ್ಟು ಸತ್ತವು. ತರಗನ್ನು ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯ ಸಾಲುಗಳ ನಡುವೆ ಹೊದಿಕೆಯಾಗಿ ಹರಡಿದರೆ ಮಣ್ಣಿಗೂ ಒಳ್ಳೆಯದು ಎಂದು ಕೃಷಿ ಇಲಾಖೆಯವರು ಹೇಳುತ್ತಲೇ ಬಂದಿದ್ದಾರೆ. ಸುಡುವುದನ್ನು ಬಿಡಲು ಇದೂ ಒಂದು ಕಾರಣವಾಗಲಿ.

ಹಂದಿಗೆಂದು ಬದುವಿನಲ್ಲಿ ಕಟ್ಟುವ ತಂತಿ ಉರುಳುಗಳೂ ಇಷ್ಟೇ ಅಪಾಯಕಾರಿ. ಕರ್ನಾಟಕದಲ್ಲಿ 2009ರಿಂದ 2020ರವರೆಗೆ ಚಿರತೆ ಉರುಳಿಗೆ ಸಿಲುಕಿದ 113 ಪ್ರಕರಣಗಳನ್ನು ವನ್ಯಜೀವಿ ಸಂಶೋಧಕರು ದಾಖಲಿಸಿದ್ದಾರೆ, ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಪ್ರಾಣಿಗಳು ಸತ್ತಿವೆ. ಉರುಳಿನಲ್ಲಿ ತಾಯಿ ಸತ್ತರೆ ಗದ್ದೆಯಲ್ಲಿರುವ ಮರಿಗಳು ಹಸಿವಿನಿಂದ ಸಾಯುತ್ತವೆ, ಅವುಗಳ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಮರಿ ಕಂಡ ಮೊದಲ ಹತ್ತು ನಿಮಿಷ

ಮರಿ ಕಣ್ಣಿಗೆ ಬಿದ್ದ ಕೂಡಲೇ ಕಟಾವನ್ನು ನಿಲ್ಲಿಸಬೇಕು. ಮೇಸ್ತ್ರಿ ಎಲ್ಲರನ್ನೂ ಒಟ್ಟಿಗೆ ಕರೆದು, ಕಡಿದು ಬಯಲಾದ ಬದಿಗೆ, ಬಂದ ದಾರಿಯಲ್ಲೇ ಗುಂಪಾಗಿ ಹಿಂದಕ್ಕೆ ಕರೆತರಬೇಕು. ನಿಂತಿರುವ ಕಬ್ಬಿನೊಳಗೆ ತಾಯಿಯನ್ನು ಹುಡುಕಿಕೊಂಡು ಯಾರೂ ಹೋಗಕೂಡದು. ಹಗಲಿನಲ್ಲಿ ತಾಯಿ ಹತ್ತಿರದಲ್ಲೇ ಮಲಗಿರುವ ಸಂಭವವಿದೆ, ಮರಿಗೂ ಅದಕ್ಕೂ ನಡುವೆ ಮನುಷ್ಯ ನಿಂತಾಗಲೇ ಗಾಯಗಳಾಗುವುದು. ನಾಯಿಗಳಿದ್ದರೆ ಕಟ್ಟಿಹಾಕಿ. ಮರಿಯಿದ್ದ ಸಾಲನ್ನು ನೆನಪಿಟ್ಟುಕೊಳ್ಳಲು ಅಲ್ಲಿಗೆ ಹೋಗಿ ಗೂಟ ನೆಡುವುದು ಬೇಡ. ಬದುವಿನಿಂದ ಸಾಲುಗಳನ್ನು ಎಣಿಸಿ, ಹತ್ತಿರದ ತೆಂಗಿನ ಮರವನ್ನೋ ಪಂಪ್‌ಹೌಸನ್ನೋ ಗುರುತಾಗಿಟ್ಟುಕೊಂಡರೆ ಸಾಕು.

ತಾಯಿ ಎದುರಾದರೆ ಓಡಬಾರದು, ಕೂರಬಾರದು, ಬಗ್ಗಬಾರದು. ಬಗ್ಗಿ ಕಬ್ಬಿನ ಬುಡ ಕಡಿಯುವ ಮನುಷ್ಯನ ಆಕಾರ ಚಿರತೆಯ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣುತ್ತದೆ, ನೆಟ್ಟಗೆ ನಿಂತ ಮನುಷ್ಯನನ್ನು ಅದು ಸಾಮಾನ್ಯವಾಗಿ ಬೇಟೆಯೆಂದು ಎಣಿಸುವುದಿಲ್ಲ. ಮುಖವನ್ನು ಅದರ ಕಡೆಗೇ ಇಟ್ಟು, ಜೋರಾಗಿ ಮಾತಾಡುತ್ತ, ಮಕ್ಕಳಿದ್ದರೆ ಎತ್ತಿಕೊಂಡು, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯಿರಿ. ಗುರುಗುಟ್ಟುವುದು, ಹಲ್ಲು ತೋರಿಸಿ ಒಂದೆರಡು ಹೆಜ್ಜೆ ಮುನ್ನುಗ್ಗಿ ನಿಲ್ಲುವುದು ದೂರ ಹೋಗೆಂಬ ಎಚ್ಚರಿಕೆ. ಕಲ್ಲು ಎಸೆದರೆ ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ. ಯಾರಿಗಾದರೂ ಪರಚಿದರೆ, ಅದು ಮರಿಯ ಉಗುರಿನಿಂದಾದ ಸಣ್ಣ ಗೀರಾಗಿದ್ದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಮರಿಯನ್ನು ಮುಟ್ಟಬಾರದೆಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಕೊಡುವ ಕಾರಣ ತಪ್ಪು. ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಹಳ್ಳಿಗಳಲ್ಲಿ ಬೇರೂರಿರುವ ನಂಬಿಕೆ. ಜುನ್ನರ್ ಸುತ್ತಮುತ್ತ ಪಶುವೈದ್ಯರು ಮರಿಗಳನ್ನು ಕೈಯಾರೆ ಎತ್ತಿ, ಪರೀಕ್ಷಿಸಿ, ಚರ್ಮದಡಿ ಗುರುತಿನ ಚಿಪ್ ಸೇರಿಸಿ ಮತ್ತೆ ಗದ್ದೆಯಲ್ಲಿಟ್ಟಾಗಲೂ ತಾಯಂದಿರು ಬಂದು ಅವನ್ನು ಒಯ್ದಿವೆ. ಈ ನಂಬಿಕೆಯಿಂದಾಗುವ ದೊಡ್ಡ ಕೇಡೆಂದರೆ, ಯಾರೋ ಒಬ್ಬರು ಮರಿಯನ್ನು ಮುಟ್ಟಿಬಿಟ್ಟ ಮೇಲೆ ಇನ್ನೇನೂ ಪ್ರಯೋಜನವಿಲ್ಲವೆಂದು ಊರವರು ಕೈಚೆಲ್ಲುತ್ತಾರೆ. ಮುಟ್ಟಬಾರದೆಂಬುದಕ್ಕೆ ನಿಜವಾದ ಕಾರಣಗಳು ಬೇರೆ ಇವೆ: ಎತ್ತಿದ ಮರಿ ಕೈಯಿಂದ ಕೈಗೆ ದಾಟಿ ಮೂಲ ಜಾಗವೇ ಮರೆತುಹೋಗುತ್ತದೆ, ಬಿಸಿಲಿಗೂ ಗದ್ದಲಕ್ಕೂ ಅದು ಬಳಲುತ್ತದೆ, ಮರಿಯ ಕೂಗು ಕೇಳಿ ತಾಯಿ ಜನರ ನಡುವೆ ನುಗ್ಗುವ ಅಪಾಯವಿರುತ್ತದೆ.

ಸಿಕ್ಕಿದ್ದು ಚಿರತೆಯ ಮರಿಯೇ?

‘ಚಿರತೆ ಮರಿ’ ಎಂದು ಗುಲ್ಲೆಬ್ಬುವುದರಲ್ಲಿ ಒಂದು ಪಾಲು ಕಾಡುಬೆಕ್ಕಿನ ಮರಿಗಳದು. ದೂರದಿಂದಲೇ ಗುರುತಿಸಬೇಕಾದ್ದರಿಂದ ಮೂರು ಸಂಗತಿಗಳನ್ನು ನೋಡಿದರೆ ಸಾಕು. ಚಿರತೆಯ ಎಳೆ ಮರಿಯ ಮೈಕಟ್ಟು ಗುಜ್ಜಾಗಿದ್ದು ಪಾದಗಳು ಮೈಗೆ ಹೋಲಿಸಿದರೆ ದಪ್ಪವೆನಿಸುತ್ತವೆ, ತುಪ್ಪಳ ಬೂದಿ ಬೆರೆತ ಬಣ್ಣದ್ದಾಗಿ ಉಣ್ಣೆಯಂತೆ ಕಾಣುತ್ತದೆ, ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಮಸುಕಾಗಿರುತ್ತವೆ. ದೊಡ್ಡ ಚಿರತೆಯ ಮೈಮೇಲಿನ ಹೂವಿನಂಥ ಗುರುತು ಸ್ಪಷ್ಟವಾಗುವುದು ಆಮೇಲೆ. ಕಾಡುಬೆಕ್ಕಿನ ಮರಿ ಮಣ್ಣಿನ ಬಣ್ಣದ್ದು, ಕಾಲುಗಳಲ್ಲಿ ಪಟ್ಟೆಯಿದ್ದು ಕಿವಿ ಎತ್ತರವಾಗಿರುತ್ತದೆ. ಹಣೆಯ ಮೇಲೆ ಬಿಳಿ ಗೆರೆಗಳೂ ಮೈಮೇಲೆ ತುಕ್ಕು ಬಣ್ಣದ ಚುಕ್ಕೆಗಳ ಸಾಲುಗಳೂ ಇದ್ದು, ಮರಿ ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾಗಿದ್ದರೆ ಅದು ತುಕ್ಕುಚುಕ್ಕೆಯ ಬೆಕ್ಕು. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದಾದ ಇದು ಪೂರ್ತಿ ಬೆಳೆದಾಗಲೂ ಒಂದೂವರೆ ಕಿಲೋ ಆಸುಪಾಸಿನಲ್ಲೇ ಇರುತ್ತದೆ. ಮೂತಿ ಚೂಪಾಗಿ ಮುಂಗುಸಿಯನ್ನು ನೆನಪಿಸಿದರೆ ಅದು ಪುನುಗಿನ ಮರಿ.

ಗುರುತು ಹಿಡಿಯಲಾಗದಿದ್ದರೂ ನಷ್ಟವಿಲ್ಲ, ಏಕೆಂದರೆ ಇವೆಲ್ಲವಕ್ಕೂ ಕಾನೂನಿನ ರಕ್ಷಣೆಯಿದೆ ಮತ್ತು ಮಾಡಬೇಕಾದ ಕೆಲಸವೂ ಒಂದೇ. ಚಿರತೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದೂ ಅಟ್ಟಾಡಿಸುವುದೂ ಬೇಟೆಯೇ. ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಮುದ್ದಾಗಿದೆಯೆಂದು ಮನೆಗೆ ಒಯ್ದು ಎರಡು ದಿನ ಸಾಕಿದವರು ಈ ಮಾತನ್ನು ತಡವಾಗಿ ತಿಳಿದುಕೊಳ್ಳುತ್ತಾರೆ.

ಕರೆ ಮತ್ತು ಜನಸಂದಣಿ

ರಾಜ್ಯದ ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ನಿಮ್ಮ ವಲಯ ಅರಣ್ಯಾಧಿಕಾರಿಯ ಮತ್ತು ಗಸ್ತಿನ ಸಿಬ್ಬಂದಿಯ ಮೊಬೈಲ್ ಸಂಖ್ಯೆಗಳನ್ನು ಕಟಾವಿಗೆ ಮೊದಲೇ ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಕರೆ ಮಾಡಿದಾಗ ಗ್ರಾಮ, ಸರ್ವೆ ಸಂಖ್ಯೆ ಅಥವಾ ಗದ್ದೆಯ ಮಾಲೀಕರ ಹೆಸರು, ಮರಿಗಳು ಎಷ್ಟು, ಅವು ಕಣ್ಣು ತೆರೆದಿವೆಯೇ, ಯಾರಾದರೂ ಅವನ್ನು ಸ್ಥಳದಿಂದ ಎತ್ತಿದ್ದಾರೆಯೇ, ತಾಯಿಯನ್ನು ಕಂಡವರಿದ್ದಾರೆಯೇ, ಎಷ್ಟು ಗುಂಟೆ ಕಬ್ಬು ಇನ್ನೂ ನಿಂತಿದೆ ಎಂಬುದನ್ನು ಹೇಳಿ. ಹುಟ್ಟಿದ ವಾರ ಹತ್ತು ದಿನಗಳಲ್ಲಿ ಮರಿ ಕಣ್ಣು ಬಿಡುತ್ತದೆ. ಈ ಒಂದು ವಿವರದಿಂದ ಪಶುವೈದ್ಯರಿಗೆ ಮರಿಯ ವಯಸ್ಸಿನ ಅಂದಾಜು ಸಿಗುತ್ತದೆ. ಮರಿಗಳನ್ನು ಅದೇ ಸ್ಥಳದಲ್ಲಿ ತಾಯಿಗೆ ಸೇರಿಸಬೇಕೆಂಬ ನಿಮ್ಮ ಅಪೇಕ್ಷೆಯನ್ನು ಮೊದಲ ಕರೆಯಲ್ಲೇ ಬಾಯಿಬಿಟ್ಟು ಹೇಳುವುದು ಮುಖ್ಯ. ಊರವರು ಮರಿಗಳನ್ನು ತೆಗೆದುಕೊಂಡು ಹೋಗಿ ಎಂದು ಪಟ್ಟು ಹಿಡಿದಾಗ ಕೆಳಹಂತದ ಸಿಬ್ಬಂದಿಗೆ ಒಪ್ಪದೆ ಬೇರೆ ದಾರಿಯಿರುವುದಿಲ್ಲ.

ಇನ್ನು ಜನ. ಒಂದು ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಅರ್ಧ ಗಂಟೆಯಲ್ಲಿ ಬದುವಿನ ಮೇಲೆ ಜಾತ್ರೆ ನೆರೆಯುತ್ತದೆ. ಆದ್ದರಿಂದ ಇಲಾಖೆಯವರು ಬರುವವರೆಗೆ ಸುದ್ದಿಯನ್ನು ಗದ್ದೆಯಲ್ಲಿರುವವರ ನಡುವೆಯೇ ಇಟ್ಟುಕೊಳ್ಳುವುದು ಲೇಸು. ಗುಂಪು ಸೇರಿಬಿಟ್ಟಿದ್ದರೆ 112ಕ್ಕೆ ಕರೆ ಮಾಡಿ ಪೊಲೀಸರನ್ನು ಕರೆಸಿ. ಊರಿನಲ್ಲಿ ಮಾತು ನಡೆಯುವ ಒಬ್ಬಿಬ್ಬರನ್ನು ದಾರಿಯ ತಲೆಗಳಲ್ಲಿ ನಿಲ್ಲಿಸಿದರೂ ಬಹಳಷ್ಟು ಹತೋಟಿಗೆ ಬರುತ್ತದೆ.

ನಷ್ಟದ ಪ್ರಶ್ನೆಯನ್ನು ಬಿಟ್ಟು ಉಪದೇಶ ಮಾಡುವುದು ನ್ಯಾಯವಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಲಾರಿ ಕಾಯುತ್ತದೆ, ತಂಡದ ಕೂಲಿ ನಿಲ್ಲುತ್ತದೆ. ಇದಕ್ಕೆ ಕಂಡುಕೊಳ್ಳಬಹುದಾದ ದಾರಿಯೆಂದರೆ, ಮರಿಗಳಿರುವ ಜಾಗದ ಸುತ್ತ ನಾಲ್ಕೈದು ಗುಂಟೆಯಷ್ಟು ಕಬ್ಬನ್ನು ನಿಲ್ಲಿಸಿಟ್ಟು, ಆ ದಿನಕ್ಕೆ ತಂಡವನ್ನು ಬೇರೊಬ್ಬರ ಗದ್ದೆಗೆ ಕಳಿಸುವುದು, ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿಗೆ ವಿಷಯ ತಿಳಿಸಿ ಪರ್ಮಿಟ್ಟಿನ ದಿನಾಂಕವನ್ನು ಮುಂದಕ್ಕೆ ಹಾಕಿಸುವುದು. ಹಾಗೆ ಬಿಡುವ ಕಬ್ಬಿನ ತುಂಡು ಹಳ್ಳಕ್ಕೋ ಪಕ್ಕದ ನಿಂತ ಬೆಳೆಗೋ ಅಂಟಿಕೊಂಡಿರುವಂತೆ ನೋಡಿಕೊಳ್ಳಿ, ಏಕೆಂದರೆ ಬಯಲಿನ ನಡುವೆ ಒಂಟಿಯಾಗಿ ಉಳಿದ ಕಬ್ಬಿನ ದ್ವೀಪಕ್ಕೆ ಬರಲು ತಾಯಿ ಹಿಂಜರಿಯುತ್ತದೆ.

ಮರಿಯನ್ನು ಈಗಾಗಲೇ ಎತ್ತಿದ್ದರೆ

ಎತ್ತಿದವರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಬೈದರೆ ಎತ್ತಿದ ಜಾಗವನ್ನು ಅವರು ಸರಿಯಾಗಿ ಹೇಳುವುದೂ ಇಲ್ಲ, ಆ ಜಾಗವೇ ನಮಗೆ ಬೇಕಾದದ್ದು. ಮರಿಗಳನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲೋ ಬಿದಿರಿನ ಬುಟ್ಟಿಯಲ್ಲೋ ಅದೇ ಗದ್ದೆಯ ಒಣ ತರಗು ಹಾಸಿ ಒಟ್ಟಿಗೆ ಮಲಗಿಸಿ, ಮೇಲೊಂದು ಬಟ್ಟೆ ಮುಚ್ಚಿ, ಗದ್ದೆಯ ಹತ್ತಿರದಲ್ಲೇ ನೆರಳಿನಲ್ಲಿಡಿ. ಕತ್ತಲು ಮತ್ತು ಸದ್ದಿಲ್ಲದ ವಾತಾವರಣ ಸಿಕ್ಕರೆ ಅವು ಸುಮ್ಮನಾಗುತ್ತವೆ. ಹಸುವಿನ ಹಾಲು ಕುಡಿಸಬೇಡಿ. ಕರುಣೆಯಿಂದಲೇ ಮಾಡುವ ಈ ಕೆಲಸದಿಂದ ಮರಿಗೆ ಭೇದಿಯಾಗುತ್ತದೆ, ಬಾಟಲಿಯಿಂದ ಬಲವಂತವಾಗಿ ಹೊಯ್ದರೆ ಹಾಲು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಎರವಾಗುತ್ತದೆ. ಬೇಟೆಗೆ ಹೋದ ತಾಯಿ ಬರುವವರೆಗೆ ಗಂಟೆಗಟ್ಟಲೆ ಹಸಿದಿರುವುದು ಈ ಮರಿಗಳಿಗೆ ಹೊಸದಲ್ಲ. ಗಾಯವಾಗಿದ್ದರೆ, ಕುಡುಗೋಲು ತಗುಲಿದ್ದರೆ ಅಥವಾ ಮರಿ ಜೋಲುಬಿದ್ದಿದ್ದರೆ ಅದನ್ನು ಪಶುವೈದ್ಯರೇ ನೋಡಬೇಕು.

ತಾಯಿಗೆ ಸೇರಿಸುವ ರಾತ್ರಿ

ಈ ಕೆಲಸವನ್ನು ಮಾಡಬೇಕಾದವರು ಅರಣ್ಯ ಸಿಬ್ಬಂದಿ ಮತ್ತು ಪಶುವೈದ್ಯರು, ಊರವರ ಪಾಲಿಗೆ ಇರುವುದು ಸಹಕಾರ. ಆದರೂ ಅದು ಹೇಗೆ ನಡೆಯುತ್ತದೆಂದು ತಿಳಿದಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಪುಣೆ ಜಿಲ್ಲೆಯ ಮಾಣಿಕ್‌ಡೋಹ್‌ನ ಚಿರತೆ ರಕ್ಷಣಾ ಕೇಂದ್ರದ ವೈದ್ಯರು ಮಹಾರಾಷ್ಟ್ರ ಅರಣ್ಯ ಇಲಾಖೆಯ ಜೊತೆಗೂಡಿ ವರ್ಷಗಳಿಂದ ನಡೆಸಿಕೊಂಡು ಬಂದಿರುವ ಕ್ರಮ ಇಂತಿದೆ. ಮರಿಯ ಆರೋಗ್ಯವನ್ನು ಪರೀಕ್ಷಿಸಿ, ಮೈಗೆ ಅಂಟಿದ ಉಣ್ಣೆ ಹುಳಗಳನ್ನು ತೆಗೆದು, ಸಂಜೆ ಕತ್ತಲಾಗುವ ಮುನ್ನ ಅದು ಸಿಕ್ಕಿದ ಜಾಗದಲ್ಲೇ ಅಥವಾ ಅದಕ್ಕೆ ಅತಿ ಸಮೀಪದಲ್ಲಿ ಒಂದು ಪೆಟ್ಟಿಗೆಯಲ್ಲಿಡುತ್ತಾರೆ. ಪೆಟ್ಟಿಗೆಯ ಎತ್ತರ ಮರಿ ತಾನಾಗಿ ಹತ್ತಿ ಹೊರಗೆ ಅಲೆದಾಡದಷ್ಟು, ಆದರೆ ತಾಯಿ ಬಗ್ಗಿ ಕಚ್ಚಿ ಎತ್ತಲು ಅಥವಾ ಉರುಳಿಸಲು ಆಗುವಷ್ಟು ಇರಬೇಕು. ಸ್ವಲ್ಪ ದೂರದಲ್ಲಿ ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿ ಎಲ್ಲರೂ ಅಲ್ಲಿಂದ ಹೊರಟುಬಿಡುತ್ತಾರೆ. ಆಗಾಗ ಕೂಗುವ ಮರಿಯ ದನಿಯೇ ತಾಯಿಗೆ ದಾರಿ ತೋರಿಸುತ್ತದೆ.

ಆ ರಾತ್ರಿ ಊರಿನಿಂದ ಆಗಬೇಕಾದ ಸಹಾಯವೆಂದರೆ ಗೈರುಹಾಜರಿ. ಆ ದಿಕ್ಕಿನ ಗದ್ದೆಗಳಿಗೆ ನೀರು ಹಾಯಿಸಲು ಯಾರೂ ಹೋಗಬಾರದು, ಟಾರ್ಚ್ ಹಿಡಿದು ನೋಡಿಬರುವ ಕುತೂಹಲ ಬೇಡ, ಬದುವಿನ ದಾರಿಯಲ್ಲಿ ಬೈಕು ಓಡಿಸುವುದು ಬೇಡ, ನಾಯಿಗಳು ಮನೆಯಲ್ಲೇ ಇರಲಿ. ಕಟಾವು ತಂಡದವರ ಗುಡಿಸಲುಗಳು ಗದ್ದೆಯ ಅಂಚಿನಲ್ಲೇ ಇದ್ದರೆ ಅವರನ್ನು ಎರಡು ರಾತ್ರಿಯ ಮಟ್ಟಿಗೆ ಶಾಲೆಯ ಜಗುಲಿಗೋ ಸಮುದಾಯ ಭವನಕ್ಕೋ ಕರೆತರುವ ಏರ್ಪಾಟನ್ನು ಪಂಚಾಯಿತಿ ಮಾಡಬೇಕು. ದೂರದ ಜಿಲ್ಲೆಗಳಿಂದ ಬಂದು ಬಯಲಲ್ಲಿ ಮಕ್ಕಳನ್ನು ಮಲಗಿಸಿಕೊಳ್ಳುವ ಈ ಕುಟುಂಬಗಳು ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತವೆ, ಆದರೆ ಊರಿನ ಸಭೆಯಲ್ಲಿ ಅವರ ಮಾತು ಕೇಳಿಬರುವುದೇ ಇಲ್ಲ.

ಬೆಳಗ್ಗೆ ಪೆಟ್ಟಿಗೆಯಲ್ಲಿ ಒಂದು ಮರಿ ಮಾತ್ರ ಉಳಿದಿದ್ದರೆ ತಾಯಿ ಅದನ್ನು ಬಿಟ್ಟುಹೋಯಿತೆಂದು ತೀರ್ಮಾನಿಸಬೇಡಿ. ಚಿರತೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಸ್ಥಳ ಬದಲಿಸುತ್ತದೆ, ಬೆಳಕಾದ ಕಾರಣ ಇನ್ನೊಂದರ ಸರದಿ ಮರುರಾತ್ರಿಗೆ ಮುಂದೆ ಹೋಗಿರಬಹುದು. ಮೊದಲ ರಾತ್ರಿ ತಾಯಿ ಬಾರದೇ ಇದ್ದರೂ, ಹಗಲಲ್ಲಿ ವೈದ್ಯರ ಆರೈಕೆಯಲ್ಲಿಟ್ಟು ಎರಡನೆಯ, ಮೂರನೆಯ ರಾತ್ರಿಯೂ ಪ್ರಯತ್ನಿಸುವುದುಂಟು. ಅದೂ ಫಲಿಸದಿದ್ದರೆ ಮಾತ್ರ ಮರಿಗಳನ್ನು ಬನ್ನೇರುಘಟ್ಟ ಅಥವಾ ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಕಳಿಸುವ ಮಾತು ಬರಬೇಕು. ತಾಯಿಯೊಡನೆ ಒಂದೂವರೆ ಎರಡು ವರ್ಷ ಅಲೆದು ಕಲಿಯಬೇಕಾದ ಬೇಟೆಯನ್ನೂ, ಮನುಷ್ಯರಿಂದ ದೂರವಿರುವ ಎಚ್ಚರವನ್ನೂ ಯಾವ ಕೇಂದ್ರವೂ ಕಲಿಸಲಾರದು.

ಬೋನಿಡಿ ಎನ್ನುವ ಮೊದಲು

ಮರಿ ಸಿಕ್ಕಿತೆಂದರೆ ತಾಯಿಯನ್ನೂ ಹಿಡಿದು ಕಾಡಿಗೆ ಸಾಗಿಸಿ ಎಂಬ ಒತ್ತಾಯ ಏಳುತ್ತದೆ. ಈ ಒತ್ತಾಯದ ಹಿಂದಿರುವ ಭಯ ಸುಳ್ಳಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು, ಅದರ ಬೆನ್ನಲ್ಲೇ ಸರ್ಕಾರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯನ್ನು ರಚಿಸಿತು. ಮನುಷ್ಯರ ಮೇಲೆ ದಾಳಿಗಿಳಿದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೂ ತೊಂದರೆ ಕೊಡದೆ ಮರಿ ಸಾಕುತ್ತಿರುವ ತಾಯಿಯನ್ನು ಹಿಡಿದು ದೂರ ಬಿಡುವುದರಿಂದ ಊರಿಗೆ ಕ್ಷೇಮವಿಲ್ಲ ಎನ್ನುವುದಕ್ಕೆ ಜುನ್ನರ್‌ನ ಅನುಭವವೇ ಆಧಾರ. ಅಲ್ಲಿ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಬ್ಬಿನ ಸೀಮೆಯ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಕಾಡುಗಳಿಗೆ ಸಾಗಿಸಿದ ಮೇಲೆ, ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು 17ಕ್ಕೇರಿದವು ಎಂದು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಹಿಡಿದು ಬಿಟ್ಟ ಪ್ರಾಣಿ ಗೊತ್ತಿಲ್ಲದ ನೆಲದಲ್ಲಿ ಅಲೆಯುತ್ತದೆ, ಹಳೆಯ ನೆಲೆಯತ್ತ ಹಿಂದಿರುಗಲು ಯತ್ನಿಸುತ್ತದೆ, ತೆರವಾದ ಜಾಗಕ್ಕೆ ಊರಿನ ಪರಿಚಯವೇ ಇಲ್ಲದ ಮತ್ತೊಂದು ಚಿರತೆ ಬಂದು ಸೇರುತ್ತದೆ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಕಂಡ ಕಂಡ ಚಿರತೆಯನ್ನು ಹಿಡಿದು ಸಾಗಿಸಬಾರದೆಂದು ಹೇಳುತ್ತದೆ. ಮರಿಗಳನ್ನು ಕಳೆದುಕೊಂಡ ತಾಯಿ ದಿನಗಟ್ಟಲೆ ಅದೇ ಗದ್ದೆಗಳ ಸುತ್ತ ಹುಡುಕಾಡುತ್ತದೆಂಬುದನ್ನೂ ಒತ್ತಾಯಿಸುವವರು ಯೋಚಿಸಬೇಕು. ಮರಿಗಳನ್ನು ಹಿಂತಿರುಗಿಸಿದರೆ ಅದು ಅವನ್ನು ಕರೆದುಕೊಂಡು ತಾನಾಗಿ ಸರಿದುಹೋಗುತ್ತದೆ.

ಕಟಾವನ್ನು ಮತ್ತೆ ಆರಂಭಿಸುವಾಗ

ಕ್ಯಾಮೆರಾದಲ್ಲಿ ತಾಯಿ ಮರಿಗಳನ್ನು ಒಯ್ದದ್ದು ಖಚಿತವಾದ ಮೇಲೆ, ಇಲಾಖೆಯವರು ಒಪ್ಪಿದ ನಂತರ, ಉಳಿಸಿದ್ದ ಕಬ್ಬನ್ನು ಕಡಿಯಬಹುದು. ಆಗಲೂ ಹೊತ್ತೇರಿದ ಮೇಲೆ ಕೆಲಸ ಆರಂಭಿಸಿ ಸಂಜೆಗೆ ಮುಂಚೆಯೇ ಮುಗಿಸಿ, ಊರ ಬದಿಯಿಂದಲೇ ಕಡಿಯುತ್ತ ಹೋಗಿ. ಮುಂದಿನ ಕೆಲವು ತಿಂಗಳು ಆ ಸುತ್ತಿನಲ್ಲಿ ಚಿರತೆಯ ಓಡಾಟ ಇದ್ದೇ ಇರುತ್ತದೆಂದು ಎಣಿಸಿಕೊಂಡು ಕುರಿ ಮೇಕೆಗಳನ್ನು ರಾತ್ರಿ ನಾಲ್ಕೂ ಕಡೆ ಮತ್ತು ಮೇಲ್ಗಡೆಯೂ ಜಾಲರಿ ಬಿಗಿದ, ಬಾಗಿಲು ಭದ್ರವಾದ ಕೊಟ್ಟಿಗೆಯಲ್ಲಿ ಕೂಡಿ. ಚಿರತೆ ಗೋಡೆ ಹತ್ತಿ ಸೂರಿನ ಸಂದಿಯಿಂದ ಇಳಿಯುತ್ತದೆ ಎಂಬುದನ್ನು ಮರೆತು ಬಾಗಿಲಿಗಷ್ಟೇ ಬೀಗ ಹಾಕುವವರು ಬಹಳ. ಕೋಳಿ ಅಂಗಡಿಯ ತ್ಯಾಜ್ಯವನ್ನು ಊರಾಚೆ ಸುರಿದರೆ ನಾಯಿಗಳು ಹೆಚ್ಚುತ್ತವೆ, ನಾಯಿಗಳು ಹೆಚ್ಚಿದರೆ ಚಿರತೆ ಊರಂಚನ್ನು ಬಿಟ್ಟು ಹೋಗುವುದಿಲ್ಲ. ಜಾನುವಾರು ಬಲಿಯಾದರೆ ಕಳೇಬರವನ್ನು ಕದಲಿಸದೆ, ವಿಷ ಬೆರೆಸದೆ, ಇಲಾಖೆಯವರು ಬಂದು ಮಹಜರು ಮಾಡುವವರೆಗೆ ಹಾಗೆಯೇ ಬಿಟ್ಟರೆ ಪರಿಹಾರದ ಅರ್ಜಿಗೆ ತೊಡಕಾಗುವುದಿಲ್ಲ.

ಕೊನೆಯದಾಗಿ ಒಂದು ಕರೆ ಬಾಕಿಯಿರುತ್ತದೆ. ತಾಯಿ ಮರಿಗಳನ್ನು ಕಚ್ಚಿಕೊಂಡು ಬಹುದೂರವೇನೂ ಹೋಗಿರುವುದಿಲ್ಲ, ಪಕ್ಕದ ನಿಂತ ಕಬ್ಬಿನಲ್ಲೇ ಇಳಿಸಿರುವ ಸಾಧ್ಯತೆ ಹೆಚ್ಚು. ಆ ಗದ್ದೆ ಯಾರದು, ಅವರಿಗೆ ಪರ್ಮಿಟ್ ಯಾವ ದಿನಕ್ಕಿದೆ ಎಂದು ವಿಚಾರಿಸಿ, ಅವರಿಗೂ ಅವರ ಮೇಸ್ತ್ರಿಗೂ ವಿಷಯವನ್ನು ಮೊದಲೇ ತಿಳಿಸಿಡಿ.